ಪ್ರಸಾದಕ್ಕೆ ಶುಗರ್ ಇಲ್ಲವೆಂದು ಹೇಳಿದವರು ಯಾರು?

"ದೇವರ ಪ್ರಸಾದ ಮಾರಾಯ್ರೆ, ಏನೂ ಆಗುವುದಿಲ್ಲ."

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಯಾವ ಊಟದ ಪಂಕ್ತಿಯಲ್ಲಿ ಕೂತರೂ ಈ ಮಾತು ಕಿವಿಗೆ ಬೀಳದೆ ಇರುವುದಿಲ್ಲ. ಪಾಯಸದ ಬಕೆಟ್ ಹಿಡಿದವರು ಎಲೆಯ ಮುಂದೆ ಬಗ್ಗುತ್ತಾರೆ. ಕೂತವರು ಕೈ ಅಡ್ಡ ಹಿಡಿದು "ಬೇಡ, ಶುಗರ್ ಉಂಟು" ಎನ್ನುತ್ತಾರೆ. ಆಗ ಬರುತ್ತದೆ ಈ ಅಭಯವಚನ. ಅಕ್ಕಪಕ್ಕದವರೂ ತಲೆಯಾಡಿಸುತ್ತಾರೆ. ಅಡ್ಡ ಹಿಡಿದ ಕೈ ಮೆಲ್ಲಗೆ ಸರಿಯುತ್ತದೆ, ಸೌಟು ಎರಡು ಸಲ ಮಗುಚುತ್ತದೆ.

ಈ ಮಾತು ಸುಳ್ಳು. ನೈವೇದ್ಯವಾದ ಬೆಲ್ಲವೂ ಅಂಗಡಿಯ ಬೆಲ್ಲವೂ ಹೊಟ್ಟೆಗಿಳಿದ ಮೇಲೆ ಒಂದೇ. ಮಂಗಳಾರತಿ ಆಯಿತೋ ಇಲ್ಲವೋ ಎಂದು ಮೇದೋಜೀರಕ ಗ್ರಂಥಿ ವಿಚಾರಿಸುವುದಿಲ್ಲ. ಇದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಗೊತ್ತಿದ್ದೂ ಎಲ್ಲರೂ ಸೇರಿ ಸಾಕುತ್ತಿರುವ ಸುಳ್ಳು ಇದು.

ಇದಕ್ಕಿಂತ ದೊಡ್ಡ ಸುಳ್ಳೊಂದು ಇದರ ಬೆನ್ನಿಗೇ ನಿಂತಿದೆ. "ನಮ್ಮ ದೇವಸ್ಥಾನ, ಇಗರ್ಜಿ, ಮಸೀದಿ, ಬಸದಿಗಳು ಜನರ ಆರೋಗ್ಯವನ್ನೂ ನೋಡಿಕೊಳ್ಳುತ್ತಿವೆ" ಎಂಬ ಸಮಾಧಾನ ಅದು. ವೇದಿಕೆಯಲ್ಲಿ ಶಾಸಕರು ಹೇಳುತ್ತಾರೆ, ಮೊಕ್ತೇಸರರು ಹೇಳುತ್ತಾರೆ, ಮರುದಿನದ ಪತ್ರಿಕೆಯ ಸ್ಥಳೀಯ ಪುಟವೂ ಹೇಳುತ್ತದೆ. ನಾನು ಹೇಳುವುದು ಇದರ ತದ್ವಿರುದ್ಧ. ಜನರ ನಡೆನುಡಿಯನ್ನು ಬದಲಿಸುವ ಶಕ್ತಿ ಈ ಮೂರು ತಾಲೂಕುಗಳಲ್ಲಿ ಯಾರಿಗಾದರೂ ಇದ್ದರೆ ಅದು ಈ ಶ್ರದ್ಧಾಕೇಂದ್ರಗಳಿಗೇ. ಆ ಶಕ್ತಿಯನ್ನು ಅವು ಬ್ಯಾನರಿಗೆ, ಫೋಟೋಕ್ಕೆ, ಒಂದು ದಿನದ ಶಿಬಿರಕ್ಕೆ ಪೋಲು ಮಾಡುತ್ತಿವೆ.

ಅಪಾಯದ ಅಂಚಿನಲ್ಲಿರುವವರು ಯಾರು ಎಂದು ಮೊದಲು ನೋಡೋಣ. ಐಸಿಎಂಆರ್‌-ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟಿಸಿದ ಲೆಕ್ಕದಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ. ಹೊಸ್ತಿಲಲ್ಲಿರುವುದೆಂದರೆ ಖಾಲಿ ಹೊಟ್ಟೆಯ ಸಕ್ಕರೆ 100ರಿಂದ 125ರ ನಡುವೆ, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ. ಅವರಿಗೆ ಬಾಯಾರಿಕೆಯಿಲ್ಲ, ಸುಸ್ತಿಲ್ಲ, ಆಸ್ಪತ್ರೆಗೆ ಹೋಗುವ ಕಾರಣವೇ ಇಲ್ಲ. ನಮ್ಮೂರಲ್ಲಿ ಅವರನ್ನು ಹುಡುಕಬೇಕಾಗಿಯೂ ಇಲ್ಲ. ಬೆಳಗ್ಗಿನಿಂದ ಸಂಜೆಯವರೆಗೆ ಗೋಡೆಗೊರಗಿ ಕಾಲು ಚಾಚಿ ಸಾವಿರ ಬೀಡಿ ಕಟ್ಟಿ ಬ್ರಾಂಚಿಗೆ ಕೊಡುವ ಹೆಂಗಸು. ಗದ್ದೆ ಹೋಗಿ ತೋಟವಾದ ಮೇಲೆ ಆಳಿಗೆ ಕೆಲಸ ಹೇಳಿ ಸ್ಕೂಟರಿನಲ್ಲಿ ಪೇಟೆಗೆ ಹೋಗುವ ಅಡಿಕೆ ಬೆಳೆಗಾರ. ಕೊಲ್ಲಿಯಿಂದ ಹೊಟ್ಟೆ ಬೆಳೆಸಿಕೊಂಡು ಮರಳಿದ ತಮ್ಮ. ಬಿ.ಸಿ.ರೋಡಿನಲ್ಲಿ ದಿನವಿಡೀ ರಿಕ್ಷಾದಲ್ಲಿ ಕೂರುವ ಅಣ್ಣ. ನಮ್ಮ ಜನರಿಗೆ ಗಂಡಸಾದರೆ 90 ಸೆಂಟಿಮೀಟರ್, ಹೆಂಗಸಾದರೆ 80 ಸೆಂಟಿಮೀಟರ್ ಸೊಂಟದ ಸುತ್ತಳತೆಯೇ ಎಚ್ಚರಿಕೆಯ ಗಂಟೆ. ಇವರೆಲ್ಲ ವಾರಕ್ಕೊಮ್ಮೆಯಾದರೂ ಭಜನಾ ಮಂದಿರಕ್ಕೋ ಪೂಜೆಗೋ ಜುಮಾಕ್ಕೋ ಬರುತ್ತಾರೆ. ಇಷ್ಟು ಜನರನ್ನು ಇಷ್ಟು ನಿಯಮಿತವಾಗಿ ಕಾಣುವ ಭಾಗ್ಯ ಯಾವ ಆರೋಗ್ಯ ಕೇಂದ್ರಕ್ಕಿದೆ?

ಹಾಗೆ ಬಂದವರಿಗೆ ನಾವು ಕೊಡುವುದೇನು? "ಉಚಿತ ಆರೋಗ್ಯ ತಪಾಸಣಾ ಶಿಬಿರ."

ನಾನು ಕಂಡ ಒಂದು ಶಿಬಿರದ ಕತೆ ಹೇಳುತ್ತೇನೆ, ಊರು ಯಾವುದಾದರೂ ಆಗಬಹುದು. ದೀಪ ಬೆಳಗಿ, ಐದು ಜನರ ಭಾಷಣ ಮುಗಿದು, ಶಾಲು ಹೊದಿಸಿ ಆಗುವಾಗ ಗಂಟೆ ಹನ್ನೊಂದು. ಸಭಾಭವನದ ಮೂಲೆಯಲ್ಲಿ ಎರಡು ಮೇಜು. ಸಾಲಿನಲ್ಲಿ ಹೆಚ್ಚಿನವರೂ ಬೀಡಿ ಕಟ್ಟುವ ಹೆಂಗಸರು, ಬೆಳಗ್ಗೆ ಚಾ-ತಿಂಡಿ ಮುಗಿಸಿಯೇ ಬಂದವರು. ಒಬ್ಬಾಕೆಯ ಬೆರಳು ಚುಚ್ಚಿದ ಹುಡುಗಿ ಚೀಟಿಯಲ್ಲಿ 186 ಎಂದು ಬರೆದು, "ಸ್ವಲ್ಪ ಜಾಸ್ತಿ ಉಂಟು ಅಕ್ಕ, ಸಿಹಿ ಕಮ್ಮಿ ಮಾಡಿ" ಎಂದಳು. ಖಾಲಿ ಹೊಟ್ಟೆಯಲ್ಲಿ ಮತ್ತೆ ಯಾವಾಗ ನೋಡಬೇಕು? ಎಲ್ಲಿ? ಸೊಂಟ ಎಷ್ಟು? ಅಮ್ಮನಿಗೆ ಶುಗರ್ ಇತ್ತಾ? ಯಾವುದನ್ನೂ ಯಾರೂ ಕೇಳಲಿಲ್ಲ. ಆ ಅಕ್ಕ ಚೀಟಿಯನ್ನು ನಾಲ್ಕಾಗಿ ಮಡಚಿ ಪರ್ಸಿನ ಒಳಜೇಬಿಗೆ ಸೇರಿಸಿ, ಸೀದಾ ಊಟದ ಹಾಲಿಗೆ ನಡೆದರು. ಅಲ್ಲಿ ಬೆಳ್ತಿಗೆ ಅನ್ನ, ಸಾರು, ಗಸಿ, ಲಾಡು, ಗಸಗಸೆ ಪಾಯಸ. ಮರುದಿನ ಪತ್ರಿಕೆಯಲ್ಲಿ ಬಂದದ್ದು ಎಷ್ಟು ಜನ ತಪಾಸಣೆಯ "ಪ್ರಯೋಜನ ಪಡೆದರು" ಎಂಬ ಸಂಖ್ಯೆ. ಯಾವ ಪ್ರಯೋಜನ? ಚೀಟಿ ಸಿಕ್ಕಿದ್ದೇ ಪ್ರಯೋಜನವೇ?

ಶಿಬಿರಕ್ಕೂ ಕಾರ್ಯಕ್ರಮಕ್ಕೂ ಇರುವ ವ್ಯತ್ಯಾಸ ಅಡಿಕೆ ಬೆಳೆಯುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೊಳೆರೋಗ ಬಂದು ಕಾಯಿ ಉದುರಿದ ಮೇಲೆ ಬೋರ್ಡೋ ಮದ್ದು ಬಿಟ್ಟು ಫಲವಿಲ್ಲ. ಮಳೆಗೆ ಮೊದಲೇ ಬಿಡಬೇಕು, ಒಂದೂವರೆ ತಿಂಗಳು ಕಳೆದು ಮತ್ತೆ ಬಿಡಬೇಕು. ಒಂದು ಸಲ ಮದ್ದು ಬಿಟ್ಟು ಫೋಟೋ ತೆಗೆಸಿಕೊಂಡು ಸುಮ್ಮನೆ ಕೂರುವ ರೈತನನ್ನು ನೋಡಿ ಊರೇ ನಗುತ್ತದೆ. ಮರಕ್ಕೆ ತೋರುವ ಈ ವಿವೇಕ ಮನುಷ್ಯರ ವಿಷಯದಲ್ಲಿ ಎಲ್ಲಿ ಹೋಗುತ್ತದೆ?

ಜಗತ್ತಿಗೆ ಇದು ಗೊತ್ತಾಗಿ ದಶಕಗಳಾದವು. ಚೀನಾದ ದಾಚಿಂಗ್ ನಗರದಲ್ಲಿ 1986ರಲ್ಲಿ ಶುರುವಾದ ಪ್ರಯೋಗದಲ್ಲಿ ಹೊಸ್ತಿಲಲ್ಲಿದ್ದವರ ಊಟ ಮತ್ತು ನಡಿಗೆಯನ್ನು ಆರು ವರ್ಷ ತಿದ್ದಿದರು. ಮೂವತ್ತು ವರ್ಷಗಳ ನಂತರ ಲೆಕ್ಕ ತೆಗೆದಾಗ ಅವರಲ್ಲಿ ಮಧುಮೇಹ ಸುಮಾರು ನಾಲ್ಕು ವರ್ಷ ತಡವಾಗಿ ಬಂದಿತ್ತು, ಹೃದ್ರೋಗದ ಸಾವೂ ಕಡಿಮೆಯಾಗಿತ್ತು. ಅಮೆರಿಕದ ಮಧುಮೇಹ ತಡೆ ಅಧ್ಯಯನ 2002ರಲ್ಲಿ ತೋರಿಸಿದ್ದೂ ಅದನ್ನೇ: ವಾರಕ್ಕೆ 150 ನಿಮಿಷ ನಡಿಗೆ, ಶೇ. 7ರಷ್ಟು ತೂಕ ಇಳಿಕೆಯ ಗುರಿ, ಹದಿನಾರು ಪಾಠ, ಬೆನ್ನಿಗೆ ಒಬ್ಬ ಮಾರ್ಗದರ್ಶಿ. ಹೊಸ ಮಧುಮೇಹ ಶೇ. 58ರಷ್ಟು ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಮಾತ್ರೆ ನುಂಗಿದವರಲ್ಲಿ ಇಳಿದದ್ದು ಶೇ. 31. ನಮ್ಮದೇ ಚೆನ್ನೈಯ ವೈದ್ಯರ ತಂಡ 2006ರಲ್ಲಿ ಪ್ರಕಟಿಸಿದ ಭಾರತೀಯ ಅಧ್ಯಯನದಲ್ಲಿ ಜೀವನಶೈಲಿ ತಿದ್ದಿದವರಲ್ಲಿ ಶೇ. 28.5ರಷ್ಟು ಇಳಿಕೆ ಕಂಡಿತು, ಅದೂ ತೂಕ ಹೇಳಿಕೊಳ್ಳುವಷ್ಟು ಇಳಿಯದೆ. ತೆಳ್ಳಗಿದ್ದರೂ ಹೊಟ್ಟೆ ಬಂದಿರುವ ನಮ್ಮವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಯಾವುದು? ಅಮೆರಿಕದ ಕಪ್ಪುವರ್ಣೀಯರ ಇಗರ್ಜಿಗಳು ಈ ಪಾಠಗಳನ್ನು ಪ್ರಾರ್ಥನೆಯ ಜೊತೆಗೇ ತಮ್ಮ ಸಭಾಂಗಣಕ್ಕೆ ತಂದವು. ವಾರವಾರ ಅದೇ ಜನ, ಅದೇ ತಕ್ಕಡಿ. ಇಷ್ಟರಲ್ಲಿ ಎಲ್ಲಿಯಾದರೂ "ಒಂದು ದಿನದ ಶಿಬಿರ" ಕಾಣುತ್ತದೆಯೇ?

ಶಿಬಿರದ್ದು ಮೊದಲ ಆರೋಪವಾದರೆ ಎರಡನೆಯದು ಅಡುಗೆಮನೆಯ ಮೇಲೆ. ನಮ್ಮ ಜಿಲ್ಲೆಯಲ್ಲಿ ಬ್ರಹ್ಮಕಲಶೋತ್ಸವ ಇಲ್ಲದ ಬೇಸಿಗೆಯಿಲ್ಲ. ಆಮಂತ್ರಣ ಪತ್ರಿಕೆ ಬಿಚ್ಚಿದರೆ ಸಮಿತಿಗಳ ಪಟ್ಟಿ: ಹೊರೆಕಾಣಿಕೆ, ಉಗ್ರಾಣ, ಅನ್ನಸಂತರ್ಪಣೆ, ಚಪ್ಪರ, ಪಾರ್ಕಿಂಗ್, ಕೊನೆಯಲ್ಲೊಂದು ವೈದ್ಯಕೀಯ ಸಮಿತಿ. ಲಾರಿ ಲಾರಿ ಬೆಳ್ತಿಗೆ ಅಕ್ಕಿ, ಬೆಲ್ಲ, ಸಕ್ಕರೆ ವಾದ್ಯಘೋಷದೊಂದಿಗೆ ಬರುತ್ತದೆ. ಉಗ್ರಾಣದ ಪಟ್ಟಿಯನ್ನು ವೈದ್ಯಕೀಯ ಸಮಿತಿಯವರಿಗೆ ತೋರಿಸಿದ ಒಂದು ಉದಾಹರಣೆ ಹೇಳಿ ನೋಡೋಣ! ಅವರ ಕೆಲಸ ತಲೆ ತಿರುಗಿ ಬಿದ್ದವರಿಗೆ ಗ್ಲೂಕೋಸ್ ಕೊಡುವುದು ಮಾತ್ರ. ಹಸಿದವರಿಗೆ ಅನ್ನ ಹಾಕುವ ಪರಂಪರೆ ದೊಡ್ಡದು, ಅದರ ಮೇಲೆ ನನ್ನ ತಕರಾರಿಲ್ಲ. ಆದರೆ ಎಲೆಯ ಮುಕ್ಕಾಲು ಭಾಗ ಬಿಳಿ ಅನ್ನ, ಮೂಲೆಯಲ್ಲಿ ಚಮಚದಷ್ಟು ಪಲ್ಯ, ಎರಡು ಸುತ್ತು ಪಾಯಸ ಎಂದು ಯಾವ ಆಗಮ ಹೇಳಿದೆ? ಮನೆಯಲ್ಲಿ ಕುಚಲಕ್ಕಿ ಉಣ್ಣುವ ಊರಿಗೆ ದೇವಸ್ಥಾನದಲ್ಲಿ ಮಾತ್ರ ಬೆಳ್ತಿಗೆಯೇ ಯಾಕೆ ಬೇಕು? "ನಾವು ಕುಚಲಕ್ಕಿಯವರು, ನಮಗೆ ಶುಗರ್ ಬರುವುದಿಲ್ಲ" ಎನ್ನುವವರಿಗೂ ಒಂದು ಮಾತು: ಕೂತಲ್ಲೇ ಕೂತು ಬಟ್ಟಲು ತುಂಬ ಮೂರು ಹೊತ್ತು ಉಂಡರೆ ಕುಚಲಕ್ಕಿಯೂ ಕೈಬಿಡುತ್ತದೆ.

ಮೂರನೆಯದು ಉಪವಾಸದ ಅಹಂಕಾರ. ಇದರಲ್ಲಿ ನಮಗೆ ಜಾತಿಭೇದ, ಮತಭೇದ ಯಾವುದೂ ಇಲ್ಲ. ಶನಿವಾರ ಒಪ್ಪತ್ತು ಎಂದು ರಾತ್ರಿ ಅನ್ನ ಬಿಡುತ್ತೇವೆ. ಅನ್ನ ಬಿಟ್ಟು ತಿನ್ನುವುದೇನು? ಆರು ದೋಸೆ, ಬೆಲ್ಲ ಕಲಸಿದ ಅವಲಕ್ಕಿ, ಎರಡು ಬಾಳೆಹಣ್ಣು. ಇದಕ್ಕೆ ಫಲಾಹಾರವೆಂದು ಹೆಸರು. ರಂಜಾನಿನಲ್ಲಿ ಹಗಲಿಡೀ ನೀರೂ ಮುಟ್ಟದ ಸಂಯಮ ಇಫ್ತಾರಿನ ಸಮೋಸ ಮತ್ತು ಸಕ್ಕರೆ ಶರಬತ್ತಿನ ಮುಂದೆ ಐದು ನಿಮಿಷದಲ್ಲಿ ಕರಗುತ್ತದೆ. ಸಕ್ಕರೆ ಕಾಯಿಲೆಯವರು ರಂಜಾನಿಗೆ 6ರಿಂದ 8 ವಾರ ಮೊದಲೇ ವೈದ್ಯರನ್ನು ಕಂಡು ಮಾತ್ರೆಯ ಹೊತ್ತು ಬದಲಿಸಿಕೊಳ್ಳಬೇಕು, ಕಾಯಿಲೆಯವರಿಗೆ ಉಪವಾಸದಿಂದ ವಿನಾಯಿತಿಯನ್ನು ಧರ್ಮವೇ ಕೊಟ್ಟಿದೆ. ಇದನ್ನು ಜುಮಾದ ಪ್ರವಚನದಲ್ಲಿ ಪ್ರತಿ ವರ್ಷ ತಪ್ಪದೆ ಹೇಳುವ ಖತೀಬರು ಎಷ್ಟು ಮಂದಿ? ತಪಸ್ಸುಕಾಲದ ನಲವತ್ತು ದಿನ ಮಾಂಸ ಬಿಟ್ಟ ಮನೆ ಈಸ್ಟರಿನ ದಿನ ಅಷ್ಟನ್ನೂ ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ಹದಿನೆಂಟು ಬಸದಿಗಳ ಮೂಡುಬಿದಿರೆಯಲ್ಲಿ ಸೂರ್ಯಾಸ್ತಕ್ಕೆ ಮೊದಲು ಉಣ್ಣಬೇಕೆಂಬ ಜೈನರ ವ್ರತ ಸಾವಿರದ ಕಂಬಗಳಷ್ಟೇ ಗಟ್ಟಿಯಾಗಿ ನಿಂತಿರಬೇಕಿತ್ತು. 2018ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಎಂಟು ಗಂಡಸರ ಮೇಲೆ ನಡೆದ ಸಣ್ಣ ಪ್ರಯೋಗವೊಂದು, ದಿನದ ಊಟವನ್ನು ಹಗಲಿನ ಆರು ಗಂಟೆಯೊಳಗೆ ಮುಗಿಸಿದರೆ ತೂಕ ಇಳಿಯದೆಯೂ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ತೋರಿಸಿತು. ಸಂಜೆಗೆ ಮೊದಲೇ ಊಟ ಮುಗಿಸುವ ಶಿಸ್ತನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಊರಿನಲ್ಲಿ ಈಗ ಮದುವೆಯ ಆರತಕ್ಷತೆಯ ಊಟಕ್ಕೆ ಸಾಲು ನಿಲ್ಲುವುದು ರಾತ್ರಿ ಒಂಬತ್ತೂವರೆಗೆ. ಆಚಾರದಲ್ಲಿ ತಿರುಳಿದ್ದ ಕಡೆ ತಿರುಳನ್ನು ಬಿಟ್ಟಿದ್ದೇವೆ, ಹೆಮ್ಮೆಯನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ನಾಲ್ಕನೆಯದು ಎಲ್ಲಕ್ಕಿಂತ ಅಪಾಯಕಾರಿ. ಧಾರ್ಮಿಕ ವೇದಿಕೆ ಸಿಕ್ಕಿದ ಕೂಡಲೇ "ಹದಿನೈದು ದಿನದಲ್ಲಿ ಶುಗರ್ ಮಾಯ, ಮಾತ್ರೆ ಎಸೆಯಿರಿ" ಎನ್ನುವ ಭಾಷಣಕಾರರು ಹುಟ್ಟಿಕೊಂಡಿದ್ದಾರೆ. ಕಷಾಯದ ಬಾಟಲಿ ಪಕ್ಕದ ಮೇಜಿನಲ್ಲೇ ಮಾರಾಟಕ್ಕಿರುತ್ತದೆ. ಇನ್ಸುಲಿನ್ ಇಲ್ಲದೆ ಬದುಕಲಾಗದ ಮಗುವಿನ ತಾಯಿಯೂ ಆ ಸಭೆಯಲ್ಲಿ ಕೂತಿರಬಹುದೆಂಬ ಪರಿವೆ ಅವರಿಗಿಲ್ಲ. ಅವರಿಗೆ ಮೈಕು ಕೊಟ್ಟವರು ಯಾರು? ಶಾಲು ಹೊದಿಸಿದವರು ಯಾರು? ಶ್ರದ್ಧೆಯ ಹೆಸರಿನಲ್ಲಿ ಮಾತ್ರೆ ಬಿಡಿಸುವುದು ಸೇವೆಯಲ್ಲ, ಅಪರಾಧ. ಆ ಸಭೆಯಲ್ಲಿ ಸುಮ್ಮನೆ ಕೂತ ವೈದ್ಯರಿಗೂ ಅದರಲ್ಲಿ ಪಾಲಿದೆ.

ಇಷ್ಟು ಹೇಳಿದರೆ ಒಂದು ಸಿದ್ಧ ಉತ್ತರ ಬರುತ್ತದೆ: "ಜನ ಕೇಳಬೇಕಲ್ಲ ಸ್ವಾಮಿ!" ಜನ ಕೇಳುವುದಿಲ್ಲವೇ? ಮಾಲೆ ಹಾಕಿದ ಅಯ್ಯಪ್ಪ ಭಕ್ತ ನಲವತ್ತೊಂದು ದಿನ ಕುಡಿತ, ಮಾಂಸ, ಬೀಡಿ ಬಿಡುತ್ತಾನೆ, ಬೆಳಗ್ಗಿನ ಜಾವ ತಣ್ಣೀರು ಮೀಯುತ್ತಾನೆ, ಬರಿಗಾಲಲ್ಲಿ ನಡೆಯುತ್ತಾನೆ. ಯಾವ ಡಾಕ್ಟರು ಹೇಳಿದ್ದರು ಅವನಿಗೆ? ಕಾರ್ತಿಕದಲ್ಲಿ ಲಕ್ಷದೀಪೋತ್ಸವಕ್ಕೆ ಉಜಿರೆಯಿಂದ ಧರ್ಮಸ್ಥಳಕ್ಕೆ ಸಾವಿರಾರು ಜನ ನಡೆಯುತ್ತಾರೆ, ಶಿವರಾತ್ರಿಗೆ ಬೆಂಗಳೂರಿನಿಂದ ಚಾರ್ಮಾಡಿ ಘಾಟಿ ಇಳಿದು ಬರುತ್ತಾರೆ. ವರ್ಷಕ್ಕೊಮ್ಮೆ ಅಷ್ಟು ನಡೆಯುವ ಕಾಲಿಗೆ ವಾರಕ್ಕೆ ಐದು ದಿನ ಅರ್ಧ ಗಂಟೆ ನಡೆ ಎಂದು ಅದೇ ಬಾಯಿ ಯಾಕೆ ಹೇಳುವುದಿಲ್ಲ? ದೈವಕ್ಕೆ ಹೇಳಿಕೊಂಡ ಹರಕೆ ತಪ್ಪಿಸಿದ ತುಳುನಾಡಿನವನನ್ನು ನಾನಂತೂ ಕಂಡಿಲ್ಲ.

ಇನ್ನೂ ದೊಡ್ಡ ಸಾಕ್ಷಿ ಬೆಳ್ತಂಗಡಿಯಲ್ಲೇ ಇದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಸಾವಿರದ ಗಡಿ ದಾಟಿ ವರ್ಷಗಳಾದವು. ಎಂಟು ದಿನ ಅಲ್ಲೇ ವಾಸ, ಊರಿನದೇ ವ್ಯವಸ್ಥಾಪನಾ ಸಮಿತಿ, ಹೆಂಡತಿ ಮಕ್ಕಳ ಮುಂದೆ ಸಂಕಲ್ಪ. ಆಮೇಲೆ ಬಿಟ್ಟವರದೇ ನವಜೀವನ ಸಮಿತಿ, ಎಡವಿದವನನ್ನು ಎಬ್ಬಿಸಲು ಇನ್ನೊಬ್ಬ ಬಿಟ್ಟವನು. ಕುಡಿತದಂಥ ಕುಡಿತವನ್ನು ದೇವರ ಎದುರಿನ ಮಾತು ಮತ್ತು ಊರಿನ ಬೆಂಬಲದಿಂದ ಬಿಡಿಸಲು ಹೊರಟ ತಾಲೂಕಿಗೆ ಎರಡನೇ ಸುತ್ತಿನ ಪಾಯಸ ಬಿಡಿಸಲು ಆಗುವುದಿಲ್ಲವೇ? ಆಗುತ್ತದೆ. ಮನಸ್ಸಿಲ್ಲ. ಕುಡುಕ ಮನೆಗೆ ಬಂದು ಗಲಾಟೆ ಮಾಡುತ್ತಾನೆ, ಊರಿಗೆ ಗೊತ್ತಾಗುತ್ತದೆ. ಸಕ್ಕರೆ ಗಲಾಟೆ ಮಾಡುವುದಿಲ್ಲ. ಕಣ್ಣು, ಕಿಡ್ನಿ, ಕಾಲಿನ ಬೆರಳು ಎಂದು ಒಂದೊಂದಾಗಿ ಒಯ್ಯುತ್ತದೆ. ಗಲಾಟೆ ಮಾಡದ ಶತ್ರುವಿಗೆ ನಮ್ಮಲ್ಲಿ ಸಮಿತಿಯಿಲ್ಲ.

"ಪ್ರಕೃತಿ ಚಿಕಿತ್ಸೆಗೆ ಧರ್ಮಸ್ಥಳದ ಶಾಂತಿವನ ಆಸ್ಪತ್ರೆ ಉಂಟಲ್ಲ, ಉಜಿರೆಯಲ್ಲಿ 1989ರಿಂದ ಅದರ ಕಾಲೇಜೇ ಉಂಟಲ್ಲ" ಎನ್ನುವವರಿದ್ದಾರೆ. ಉಂಟು. ಆದರೆ ಬೀಡಿ ಕಟ್ಟದಿದ್ದರೆ ಆ ವಾರದ ಸಾಮಾನು ಬಾರದ ಮನೆಯ ಹೆಂಗಸು ಹತ್ತು ದಿನ ಒಳರೋಗಿಯಾಗಿ ಮಲಗುವುದು ಹೇಗೆ? ಹೋಗಿ ಬಂದರೂ ಮನೆಯಲ್ಲಿ ಕಾಯುತ್ತಿರುವುದು ಅದೇ ಪಾತ್ರೆ, ಅದೇ ಅನ್ನ. ಅಷ್ಟು ವಿದ್ಯೆ ಇಷ್ಟು ಹತ್ತಿರದಲ್ಲಿದ್ದೂ ಊರ ಭಜನಾ ಮಂದಿರದ ಮೆಟ್ಟಿಲು ಹತ್ತದಿದ್ದರೆ ಯಾರಿಗೆ ಹೆಮ್ಮೆ? ಸ್ವಸಹಾಯ ಸಂಘಗಳ ವಾರದ ಸಭೆ ನೋಡಿ. ಕಂತಿನ ಲೆಕ್ಕ ಒಂದು ರೂಪಾಯಿ ತಪ್ಪುವುದಿಲ್ಲ, ಒಬ್ಬರು ಬಾರದಿದ್ದರೆ ಮನೆಗೇ ಹೋಗಿ ಕೇಳುತ್ತಾರೆ. ಅದೇ ಸಭೆಯಲ್ಲಿ ಅದೇ ಪುಸ್ತಕದ ಇನ್ನೊಂದು ಪುಟದಲ್ಲಿ ಸೊಂಟದ ಅಳತೆ ಬರೆಯಲು ಎಷ್ಟು ಖರ್ಚು? ಒಂದು ಟೇಪು.

ಕುಣಿತ ಭಜನೆಯೆಂದು ಊರೂರಲ್ಲಿ ತಂಡಗಳಾಗಿವೆ. ಅರ್ಧ ಗಂಟೆ ಕುಣಿದರೆ ಬೆವರು ಬಿಚ್ಚುತ್ತದೆ, ಉಸಿರು ಏರುತ್ತದೆ, ವೈದ್ಯರು ಬೇಡುವುದೂ ಅದನ್ನೇ. ಆದರೆ ಕುಣಿಯುವವರು ಯಾರು? ಶಾಲೆಯ ಮಕ್ಕಳು, ಕಾಲೇಜಿನ ಹುಡುಗಿಯರು. ನಲವತ್ತೈದು ದಾಟಿದ ಅಪ್ಪ ಅಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಾರೆ, ಮುಗಿದ ಮೇಲೆ ಚಾ ಮತ್ತು ಗೋಳಿಬಜೆ. ಯಾರು ಕುಣಿಯಬೇಕಿತ್ತೋ ಅವರು ಪ್ರೇಕ್ಷಕರು!

ಹಾಗಾದರೆ ಆಗಬೇಕಾದದ್ದೇನು? ಮೊಕ್ತೇಸರರು, ಧರ್ಮಗುರುಗಳು, ಜಮಾಅತ್ ಅಧ್ಯಕ್ಷರು, ಬಸದಿಯ ಇಂದ್ರರು ಕೇಳಿಸಿಕೊಳ್ಳಲಿ. ಒಂದು ದಿನದ ಶಿಬಿರ ನಿಲ್ಲಿಸಿ. ಅದರ ಬದಲು ಒಂದು ವರ್ಷದ ಸಂಕಲ್ಪ ಶುರುಮಾಡಿ, ಮೊದಲ ಹದಿನಾರು ವಾರ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಮೂವತ್ತು ದಾಟಿದವರ ರಕ್ತದೊತ್ತಡ, ಸಕ್ಕರೆ ನೋಡುವುದು ಸರಕಾರದ ಆಯುಷ್ಮಾನ್ ಆರೋಗ್ಯ ಮಂದಿರಗಳ ಕರ್ತವ್ಯವೇ. ಅಲ್ಲಿನ ಸಮುದಾಯ ಆರೋಗ್ಯಾಧಿಕಾರಿಯನ್ನೂ ಆಶಾ ಕಾರ್ಯಕರ್ತೆಯನ್ನೂ ಭಜನೆಯ ದಿನವೇ ಕರೆಯಿರಿ, ಶಾಲು ಬೇಡ, ಒಂದು ಮೇಜು ಮತ್ತು ಒಂದು ರಿಜಿಸ್ಟರ್ ಕೊಡಿ. ಇಗರ್ಜಿಯ ವಾಳೆಗಳಿಗೆ ಗುರಿಕಾರರಿದ್ದಾರೆ, ಅವರ ಕೈಗೆ ಟೇಪು ಕೊಡಿ. ಜುಮಾದ ಸಾಲಿನಲ್ಲಿ ಹೆಂಗಸರು ಕಾಣದ ಕಡೆ ಅವರಿರುವಲ್ಲಿಗೇ ಹೋಗಿ. ಬೀಡಿ ಬ್ರಾಂಚಿನ ಜಗಲಿ, ಮದ್ರಸದ ತಾಯಂದಿರ ಸಭೆ, ಸಂಘದ ಮನೆ ಎಲ್ಲವೂ ಆದೀತು. ಮಾತ್ರೆ ಬಿಡಿ ಎನ್ನುವವರಿಗೆ ವೇದಿಕೆ ಹತ್ತಲು ಬಿಡಬೇಡಿ.

ಮತ್ತೆ ಅಡುಗೆ ಭಟ್ಟರ ಜೊತೆ ಕೂತು ಮಾತಾಡಿ. ದಿನನಿತ್ಯದ ಊಟದಲ್ಲಿ ಪಾಯಸ ಬೇಡ, ಹಬ್ಬಕ್ಕಿರಲಿ, ಅದೂ ಒಂದೇ ಸುತ್ತು. ಅನ್ನ ಅರ್ಧವಾಗಲಿ, ಪಲ್ಯ ಎರಡಾಗಲಿ, ಕಡ್ಲೆ ಉಸ್ಲಿ ಎಲೆಗೆ ಬರಲಿ. ಭಜನೆಯ ನಂತರ ಗೋಳಿಬಜೆಯ ಜಾಗದಲ್ಲಿ ಹೆಸರುಕಾಳು, ಮಜ್ಜಿಗೆ ಸಾಕು. ಬೇಡ ಎಂದು ಅಡ್ಡ ಹಿಡಿದ ಕೈಗೆ ಬಡಿಸುವವರು ಮರ್ಯಾದೆ ಕೊಡುವುದನ್ನು ಕಲಿಯಲಿ. ಕಣ್ಣಿಗೊತ್ತಿಕೊಂಡ ಒಂದು ಕಾಳೂ ಪೂರ್ಣ ಪ್ರಸಾದವೇ ಎಂದು ಅರ್ಚಕರೇ ಮೈಕಿನಲ್ಲಿ ಹೇಳಲಿ. ಡಾಕ್ಟರು ನೂರು ಸಲ ಹೇಳಿದ್ದಕ್ಕಿಂತ ಅವರು ಒಂದು ಸಲ ಹೇಳಿದ್ದು ಹೆಚ್ಚು ಇಳಿಯುತ್ತದೆ.

ಕೊನೆಯ ಮಾತು ಭಕ್ತರಿಗೆ, ಯಾಕೆಂದರೆ ದುಡ್ಡು ನಿಮ್ಮದು, ದೇಹವೂ ನಿಮ್ಮದು. ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರ ಓದಿ ಮುಗಿಸಿದ ಕೂಡಲೇ ಎದ್ದು ನಿಲ್ಲಿ. ಚಪ್ಪರಕ್ಕೆ ಎಷ್ಟು, ಧ್ವನಿವರ್ಧಕಕ್ಕೆ ಎಷ್ಟು, ಪಟಾಕಿಗೆ ಎಷ್ಟು ಎಂದು ಹೇಳಿದಿರಿ, ಸರಿ. ಕಳೆದ ವರ್ಷ ಈ ಊರಲ್ಲಿ ಹೊಸ್ತಿಲಲ್ಲಿದ್ದವರು ಎಷ್ಟು ಮಂದಿ, ಎಷ್ಟು ಮಂದಿಯ ಸೊಂಟ ಇಳಿಯಿತು, ಎಷ್ಟು ಮಂದಿ ಹೊಸ್ತಿಲು ದಾಟಿ ರೋಗಿಗಳಾದರು ಎಂದು ಕೇಳಿ. ಉತ್ತರ ಇಲ್ಲದಿದ್ದರೆ ಆರೋಗ್ಯ ಸೇವೆ ಎಂಬ ಮಾತನ್ನು ವರದಿಯಿಂದ ಹೊಡೆದು ಹಾಕಲು ಹೇಳಿ. ಉತ್ತರ ಸಿಗುವವರೆಗೆ ಪ್ರತಿ ಸಭೆಯಲ್ಲೂ ಕೇಳುತ್ತಲೇ ಇರಿ.